ಸೇಬಿನ ಪೀಪಾಯಿಯೊಳಗಿನ ಹುಡುಗ

ಭಾಗ 1

ಫೋಟೋದಲ್ಲಿರೋದು ನಮ್ಮ ಕಾಫಿ ಕಣ. ಹಿಂದೆ ಬೆಳ್ಳಗೆ ಕಾಣ್ತಿರೋದು ಸಮುದ್ರ ಅಲ್ಲ, ಮಂಜು. ಹೋದ ಸಲ ಇದೇ ಜಾಗದ ಫೋಟೋ ಹಾಕಿದಾಗ ಬೆಂಗಳೂರಿನ ಒಬ್ಬಳು ಫ್ರೆಂಡ್ "ನಿಮ್ಮನೆ ಹತ್ರ ಬೀಚ್ ಇದ್ಯಾ?" ಅಂತ ಸೀರಿಯಸ್ಸಾಗೇ ಕೇಳಿದ್ಲು. ನಗಬೇಡಿ. ಚಿಕ್ಕವಳಿದ್ದಾಗ ನನಗೂ ಸಮುದ್ರ ಅಂದ್ರೆ ಇದೇ ಆಗಿತ್ತು. ಜೂನ್‌ನಲ್ಲಿ ಮಂಜು ಬಂದು ಕೂತರೆ ಎದುರಿನ ಗುಡ್ಡದ ತಲೆ ಮಾತ್ರ ದ್ವೀಪದ ಥರ ಮೇಲೆ ಉಳೀತಿತ್ತು.

ಅಪ್ಪ ಒಂದ್ಸಲ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನಿಸಿ, ಚಾರ್ಮಾಡಿ ಘಾಟಿಯ ತುದೀಲಿ ಬೈಕ್ ನಿಲ್ಲಿಸಿ ತೋರಿಸಿದ್ರು. ಆಚೆ ಬಿದ್ದ ಮಳೆ ನೇತ್ರಾವತಿ ಸೇರಿ ಮಂಗಳೂರಿನ ಕಡಲಿಗೆ ಹೋಗುತ್ತೆ. ಈಚೆ ನಮ್ಮ ತೋಟದ ಮೇಲೆ ಬಿದ್ದಿದ್ದು ಹೇಮಾವತಿ ಆಗಿ, ಕಾವೇರಿ ಆಗಿ, ಎಲ್ಲಾ ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಒಂದೇ ಮೋಡ, ಎರಡು ಕಡಲು. ಕಳಸದ ಕಡೆಯವರಿಗೂ ಇದೇ ಕಥೆ. ಭದ್ರೆಯೂ ನೇತ್ರಾವತಿಯೂ ಹುಟ್ಟೋದು ಒಂದೇ ಕುದುರೆಮುಖದ ಸಾಲಲ್ಲಿ, ಆದ್ರೆ ಭದ್ರೆ ಪೂರ್ವಕ್ಕೆ, ನೇತ್ರಾವತಿ ಪಶ್ಚಿಮಕ್ಕೆ. ನಾವು ಗುಡ್ಡದ ಜನ, ಈಜೂ ಸರಿಯಾಗಿ ಬರಲ್ಲ, ಆದ್ರೆ ನಮ್ಮ ಮನೆ ಸೂರಿನ ನೀರು ಮಾತ್ರ ಕಡಲು ನೋಡಿರುತ್ತೆ.

ಈ ಸಲದ ಸೀರೀಸ್ ಒಂದು ಸಮುದ್ರದ ಪುಸ್ತಕದ ಬಗ್ಗೆ. ಟ್ರೆಷರ್ ಐಲ್ಯಾಂಡ್. "ಅದು ಮಕ್ಕಳ ಪುಸ್ತಕ ಅಲ್ವೇನೇ" ಅಂತ ಕಾಮೆಂಟ್ ಹಾಕೋಕೆ ಹೊರಟವರು ಮೂರನೇ ಭಾಗದವರೆಗೆ ತಡ್ಕೊಳ್ಳಿ.

ಭಾಗ 2

ಮೂಡಿಗೆರೆಯವರಿಗೆ ಅಡ್ವೆಂಚರ್ ಅಂದ್ರೆ ತೇಜಸ್ವಿ. ಅದರಲ್ಲಿ ವಾದ ಇಲ್ಲ. ಹಾರುವ ಓತಿ ಹುಡ್ಕೊಂಡು ಹೋಗೋ 'ಕರ್ವಾಲೊ' ಬಂದಿದ್ದು 1980ರಲ್ಲಿ. ನಮ್ಮ ಕಾಡು, ನಮ್ಮ ಜನ, ನಮ್ಮ ಮಳೆ. ಅಂಡಮಾನಿನ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಸಮುದ್ರಕ್ಕೂ ಹೋಗಿ ಬಂದವರು. ಹಾಗಿದ್ದೂ ನಾನು ಬೇರೆ ದೇಶದ ಪುಸ್ತಕ ಯಾಕೆ ಆರಿಸ್ಕೊಂಡೆ ಅಂದ್ರೆ, ಅದರ ಹುಡುಗ ಜಿಮ್‌ಗೆ ಅಪ್ಪ ಇಲ್ಲ.

ಮೊದಲು ಪುಸ್ತಕ ಹುಟ್ಟಿದ ಕಥೆ ಹೇಳಿಬಿಡ್ತೀನಿ, ನಮ್ಮೂರಿಗೆ ತುಂಬಾ ಹೊಂದುತ್ತೆ. 1881ರ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮಾರ್ ಅನ್ನೋ ಬೆಟ್ಟದ ಊರು. ಬೇಸಿಗೆ ಅಂತ ಹೆಸರಿಗೆ, ಬರೀ ಮಳೆ. ರಾಬರ್ಟ್ ಲೂಯಿ ಸ್ಟೀವನ್‌ಸನ್ ಅನ್ನೋ ಕಾಯಿಲೆಯ ಮನುಷ್ಯ, ಅವನ ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್, ವಯಸ್ಸು 13. ಹೊರಗೆ ಹೋಗೋ ಹಾಗಿಲ್ಲ, ಮನೇಲಿ ಕೂತು ಬಣ್ಣ ಹಚ್ಚಾಟ. ಹಾಗೆ ಒಂದು ದ್ವೀಪದ ಮ್ಯಾಪ್ ಬರೆದರು. ಕಥೆ ಬಂದಿದ್ದು ಆಮೇಲೆ, ಮ್ಯಾಪಿನಿಂದ. ದಿನಕ್ಕೊಂದು ಅಧ್ಯಾಯ ಬರೆದು ಸಂಜೆ ಮನೆಯವರಿಗೆ ಓದ್ತಿದ್ದ. ಮನೆ ಹುಡುಗ ಒಬ್ಬನಿಗೇ ಅಲ್ಲ, ಸ್ಟೀವನ್‌ಸನ್‌ನ ವಯಸ್ಸಾದ ಅಪ್ಪನಿಗೂ ಹುಚ್ಚು ಹಿಡೀತು. ಆ ಅಪ್ಪ ದೀಪಸ್ತಂಭ ಕಟ್ಟೋ ಎಂಜಿನಿಯರ್. ಕಥೇಲಿ ಸತ್ತ ಹಡಗಿನವನೊಬ್ಬನ ಪೆಟ್ಟಿಗೆ ತೆಗೆದು ನೋಡೋ ಸೀನ್ ಬರುತ್ತೆ. ಆ ಪೆಟ್ಟಿಗೇಲಿ ಏನೇನಿರಬೇಕು ಅಂತ ಪಟ್ಟಿ ಮಾಡಿ ಕೊಟ್ಟಿದ್ದು ಆ ಅಪ್ಪನೇ.

ಪಾಪ, ಹದಿನೈದು ಅಧ್ಯಾಯ ಆದ ಮೇಲೆ ಸ್ಟೀವನ್‌ಸನ್‌ಗೆ ಮುಂದಕ್ಕೇ ಹೋಗಲಿಲ್ಲ. ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಹೋದ ಮೇಲೆ ಮುಗಿಸಿದ. ಮೊದಲು ಮಕ್ಕಳ ಪತ್ರಿಕೇಲಿ ಕಂತು ಕಂತಾಗಿ ಬಂತು, 1883ರಲ್ಲಿ ಪುಸ್ತಕ ಆಯ್ತು. ಪ್ರಕಾಶಕರಿಗೆ ಕಳಿಸಿದ ಮ್ಯಾಪ್ ಕಳೆದುಹೋಗಿ, ತನ್ನದೇ ಪುಸ್ತಕ ಓದಿ ಓದಿ ಮತ್ತೆ ಬರೀಬೇಕಾಯ್ತಂತೆ. ಅಸೈನ್‌ಮೆಂಟ್ ಕಳ್ಕೊಂಡವರಿಗೆ ಈ ನೋವು ಗೊತ್ತು.

ನಾನು ಮೊದಲು ಓದಿದ್ದು ಒಂಬತ್ತನೇ ಕ್ಲಾಸಲ್ಲಿ, ಸ್ಕೂಲ್ ಬೀರುವಿನಲ್ಲಿದ್ದ ತೆಳ್ಳಗಿನ ಸಂಕ್ಷಿಪ್ತ ಪುಸ್ತಕ. ಕಡಲುಗಳ್ಳರು, ಗಿಣಿ, ಒಂಟಿ ಕಾಲಿನ ವಿಲನ್, ನಿಧಿ. ಒಂದು ಮಧ್ಯಾಹ್ನಕ್ಕೆ ಮುಗೀತು. ಪೂರ್ತಿ ಪುಸ್ತಕ ಓದಿದ್ದು ಹೋದ ಮಳೆಗಾಲ, ಮೂರು ದಿನ ಕರೆಂಟ್ ಇಲ್ಲದಾಗ. ಕಾಪಿರೈಟ್ ಯಾವತ್ತೋ ಮುಗಿದಿರೋದರಿಂದ ಫ್ರೀಯಾಗಿ ಸಿಗುತ್ತೆ, ಫೋನಿಗೆ ಮೊದಲೇ ಇಳಿಸ್ಕೊಂಡಿದ್ದೆ. ಚಾರ್ಜ್ ಉಳಿಸೋಕೆ ಬ್ರೈಟ್‌ನೆಸ್ ಪೂರ್ತಿ ಕಮ್ಮಿ ಮಾಡಿ, ಸೊಳ್ಳೆ ಪರದೆ ಒಳಗೆ ಕೂತು ಓದಿದ್ದು. ಇಂಗ್ಲಿಷ್ ಹಳೇದು, ಹಡಗಿನ ಪದಗಳು ಅರ್ಧ ಅರ್ಥ ಆಗಲ್ಲ. ಪರವಾಗಿಲ್ಲ, ದಾಟ್ಕೊಂಡು ಹೋಗಬಹುದು.

ಭಾಗ 3

ಈ ಫೋಟೋದಲ್ಲಿರೋದು ಅಪ್ಪನ ಲೆಕ್ಕದ ಪುಸ್ತಕ. ಅಕ್ಷರ ನೋಡಿ, ಎಷ್ಟು ಚೆಂದ.

ಜಿಮ್‌ನ ಅಪ್ಪ ಅಮ್ಮ ಸಮುದ್ರದ ದಂಡೇಲಿ ಒಂದು ಸಣ್ಣ ವಸತಿ ಹೋಟೆಲ್ ನಡೆಸ್ತಿರ್ತಾರೆ. ಒಬ್ಬ ಹಳೇ ಕಡಲುಗಳ್ಳ ಬಂದು ತಂಗ್ತಾನೆ, ಕುಡೀತಾನೆ, ಎಲ್ಲರನ್ನೂ ಹೆದರಿಸ್ತಾನೆ. ಶುರುವಿನಲ್ಲೇ ಜಿಮ್‌ನ ಅಪ್ಪ ಸಾಯ್ತಾರೆ. ಪುಸ್ತಕ ಅದಕ್ಕೆ ಕೊಡೋದು ಕೆಲವೇ ಸಾಲು. ಅಂತ್ಯಕ್ರಿಯೆ, ಹೋಟೆಲ್ ಕೆಲಸ, ನೆರೆಹೊರೆಯವರು ಬಂದು ಹೋಗೋದು, ಅಷ್ಟೇ. ಸ್ವಲ್ಪ ದಿನದಲ್ಲಿ ಆ ಕುಡುಕನೂ ಸಾಯ್ತಾನೆ. ಆಗ ಜಿಮ್ ಜೋರಾಗಿ ಅತ್ತುಬಿಡ್ತಾನೆ. ಇಷ್ಟವೇ ಇಲ್ಲದ ಮನುಷ್ಯನಿಗೆ! ಅವನೇ ಕಾರಣ ಹೇಳ್ತಾನೆ: ಇದು ತಾನು ನೋಡಿದ ಎರಡನೇ ಸಾವು, ಮೊದಲನೇದರ ದುಃಖ ಇನ್ನೂ ಹಸಿಯಾಗಿತ್ತು ಅಂತ.

ನಮ್ಮಪ್ಪ ಹೋದಾಗ ನನಗೆ 11, ತಮ್ಮನಿಗೆ 4. ಹಾರ್ಟ್ ಅಟ್ಯಾಕ್. ಜನವರಿ, ಕಾಫಿ ಕುಯ್ಲಿನ ಟೈಮ್. ಅವತ್ತು ನಾನು ಅಳಲಿಲ್ಲ, ಬಂದವರಿಗೆ ಚಾಪೆ ಹಾಕ್ತಾ ಇದ್ದೆ. ಏಪ್ರಿಲ್‌ನಲ್ಲಿ ಪಕ್ಕದ ಮನೆ ಅಜ್ಜ ತೀರ್ಕೊಂಡ್ರು, 90 ದಾಟಿದವರು, ನನಗೆ ಸದಾ ಬೈತಿದ್ದವರು. ಅವರ ಹೆಣದ ಮುಂದೆ ನಾನು ಅತ್ತಿದ್ದು ನೋಡಿ ಅವರ ಮೊಮ್ಮಕ್ಕಳೇ ನನ್ನ ಸಮಾಧಾನ ಮಾಡಿದ್ರು. ಈ ಸಾಲುಗಳು ಸಂಕ್ಷಿಪ್ತ ಪುಸ್ತಕದಲ್ಲಿ ಇರಲಿಲ್ಲ.

ಈಗ ಸಿಲ್ವರ್. ಲಾಂಗ್ ಜಾನ್ ಸಿಲ್ವರ್, ಒಂಟಿ ಕಾಲು, ಹೆಗಲ ಮೇಲೆ ಗಿಣಿ. ನಿಧಿ ಹುಡುಕೋಕೆ ಹೊರಟ ಹಡಗಿಗೆ ಅಡುಗೆಯವನಾಗಿ ಸೇರ್ಕೊಳ್ತಾನೆ, ಜಿಮ್ ಆ ಹಡಗಿನ ಕೆಲಸದ ಹುಡುಗ. ಬ್ರಿಸ್ಟಲ್ ಬಂದರಿನಲ್ಲಿ ಇಬ್ಬರೂ ನಡ್ಕೊಂಡು ಹೋಗುವಾಗ ಸಿಲ್ವರ್ ಒಂದೊಂದೇ ಹಡಗು ತೋರಿಸಿ ಅದು ಯಾವ ದೇಶದ್ದು, ಎಷ್ಟು ಭಾರ ಹೊರುತ್ತೆ, ಹೇಗೆ ಸರಕು ಇಳಿಸ್ತಾರೆ ಅಂತ ಬಿಡಿಸಿ ಹೇಳ್ತಾನೆ. ಬುದ್ಧಿವಂತ ಹುಡುಗ ನೀನು ಅಂತ ಹೊಗಳ್ತಾನೆ. ದೊಡ್ಡವರ ಜೊತೆ ಮಾತಾಡೋ ಹಾಗೆ ಮಾತಾಡ್ತಾನೆ. ಅಪ್ಪ ಸತ್ತ ಹುಡುಗನಿಗೆ ಅಷ್ಟು ಸಾಕು.

ನಮ್ಮನೆಗೂ ಒಬ್ಬರು ಬರ್ತಿದ್ರು. ಕಾಫಿ ಏಜೆಂಟ್. ಹೆಸರು, ಊರು ಹೇಳಲ್ಲ, ಗೊತ್ತಿರೋರು ದಯವಿಟ್ಟು ಕಾಮೆಂಟಲ್ಲಿ ಊಹೆ ಮಾಡಬೇಡಿ. ಅಪ್ಪನ ಮೂರನೇ ದಿನಕ್ಕೆ ಬಂದು, ಕುಯ್ಲಿನ ಆಳುಗಳಿಗೆ ಕೊಡಬೇಕಾಗಿದ್ದ ಕೂಲಿ ದುಡ್ಡು ಅಮ್ಮನ ಕೈಲಿಟ್ಟು, "ಕಾಫಿ ಕೊಟ್ಟಾಗ ಹಿಡ್ಕೊಳ್ತೀನಿ ಅಕ್ಕ" ಅಂದವರು ಅವರು. ಬೇರೆ ಯಾರೂ ಹಾಗೆ ಮಾಡಲಿಲ್ಲ, ಸಂಬಂಧಿಕರೂ ಸೇರಿ. ಇದನ್ನ ಮೊದಲು ಹೇಳಲೇಬೇಕು.

ಆಮೇಲೆ ಪ್ರತೀ ವರ್ಷ ಫೆಬ್ರವರಿಯಲ್ಲಿ ಬಂದಾಗ ನನ್ನನ್ನ ಕಣಕ್ಕೆ ಕರೀತಿದ್ರು. ಚೆರಿ ಕೈಲಿ ಹಿಡಿದು ಅಲ್ಲಾಡಿಸಿ, ಒಣಗಿದ್ಯಾ ಇಲ್ವಾ ಅಂತ ಶಬ್ದದಲ್ಲೇ ಹೇಳೋದು ಕಲಿಸಿದ್ದು ಅವರು. ತೇವ ನೋಡೋ ಮೀಟರ್ ಬಟನ್ ನನ್ನ ಕೈಲಿ ಒತ್ತಿಸ್ತಿದ್ರು. ನಾನು ಮೂಟೆ ಎಣಿಸಿ ಬರೆದ ಲೆಕ್ಕ ನೋಡಿ, ಒಂದು ನಿಮಿಷ ಸುಮ್ಮನಿದ್ದು, ಜೇಬಿಂದ ಚಾಕಲೇಟ್ ತೆಗೀತಾ, "ನಿನ್ನಂಥ ಲೆಕ್ಕದ ಮಗು ನಾನು ಎಲ್ಲೂ ನೋಡಿಲ್ಲ ಪುಟ್ಟಿ. ಇನ್ಮೇಲೆ ಈ ತೋಟದ ರೈಟರ್ ನೀನೇ" ಅಂದ್ರು. ಗುಡ್ಡದ ಕಡೆಯವರಲ್ಲದವರಿಗೆ: ಎಸ್ಟೇಟ್‌ನಲ್ಲಿ ಹಾಜರಿ, ಕೂಲಿ, ಮೂಟೆ ಲೆಕ್ಕ ಬರೆಯೋರಿಗೆ ರೈಟರ್ ಅಂತಾರೆ. ನಮ್ಮದು ಎರಡೂವರೆ ಎಕರೆ ರೋಬಸ್ಟಾ, ಅದಕ್ಕೆಂಥ ರೈಟರ್! ಆದ್ರೂ ಅವತ್ತು ರಾತ್ರಿ ಅಪ್ಪನ ಪುಸ್ತಕದ ಮುಂದಿನ ಖಾಲಿ ಹಾಳೆಯಿಂದ ನಾನು ಬರೆಯೋಕೆ ಶುರು ಮಾಡಿದೆ. ಫೋಟೋ ಝೂಮ್ ಮಾಡಿದ್ರೆ ಅಕ್ಷರ ಬದಲಾಗಿರೋದು ಕಾಣುತ್ತೆ. ಬಿ.ಕಾಂ ಯಾಕೆ ತಗೊಂಡೆ ಅಂತ ಕೇಳೋರಿಗೆ ಇದೇ ನಿಜವಾದ ಉತ್ತರ.

ಭಾಗ 4

ಸ್ವಲ್ಪ ಸಮುದ್ರಕ್ಕೆ ಹೋಗಿ ಬರೋಣ, ಯಾಕಂದ್ರೆ ಮುಂದಿನದು ಬರೆಯೋಕೆ ನನಗೆ ಉಸಿರು ಬೇಕು.

ನಮ್ಮ ಕಾಫಿಯೇ ಕಡಲು ದಾಟಿ ಬಂದಿದ್ದು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ಬಚ್ಚಿಟ್ಟು ತಂದ ಕಥೆ ಎಲ್ಲರಿಗೂ ಬಾಯಿಪಾಠ. ಅದೂ ಒಂದು ಅಡ್ವೆಂಚರ್ ಕಥೆಯೇ, ನಿಧಿ ಮಾತ್ರ ಅಂಗೈಲಿ ಹಿಡಿಸುವಷ್ಟು. ಆಮೇಲೆ ಹಾಯಿ ಹಡಗಿನಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಹೋಗುವಾಗ ಬೀಜ ಕಡಲ ತೇವ ಕುಡಿದು ಉಬ್ಬಿ, ಬಣ್ಣ ರುಚಿ ಎಲ್ಲಾ ಬದಲಾಗ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ರೂಢಿ ಆಯ್ತು. ಉಗಿ ಹಡಗು, ಸೂಯೆಜ್ ಕಾಲುವೆ ಬಂದು ದಾರಿ ಚಿಕ್ಕದಾದ ಮೇಲೆ ಕಾಫಿ ಫ್ರೆಶ್ಶಾಗಿ ತಲುಪಿದ್ರೆ, ಇದಲ್ಲ ನಮಗೆ ಬೇಕಾಗಿದ್ದು ಅಂದ್ರಂತೆ. ಅದಕ್ಕೇ ಇವತ್ತಿಗೂ ಕರಾವಳಿ ಗೋದಾಮುಗಳಲ್ಲಿ ಮುಂಗಾರು ಗಾಳಿಗೆ ಬೀಜ ಹರಡಿ 'ಮಾನ್ಸೂನ್ಡ್ ಮಲಬಾರ್' ಮಾಡ್ತಾರೆ. ಹಡಗಿನ ಹೊಟ್ಟೆಯ ಹವೆಯನ್ನ ನೆಲದ ಮೇಲೆ ತಯಾರು ಮಾಡೋದು.

ಕ್ಲಾಸ್‌ಮೇಟ್ಸ್‌ಗೆ ಇನ್ನೊಂದು. ಮರೈನ್ ಇನ್ಶೂರೆನ್ಸ್ ಪಾಠದಲ್ಲಿ ಬರೋ ಲಾಯ್ಡ್ಸ್ ಇದೆಯಲ್ಲ, ಅದು ಶುರುವಾಗಿದ್ದು 1680ರ ದಶಕದ ಲಂಡನ್ನಿನ ಕಾಫಿ ಅಂಗಡೀಲಿ. ಎಡ್ವರ್ಡ್ ಲಾಯ್ಡ್ ಅನ್ನೋನ ಅಂಗಡಿ, ಹಡಗಿನ ಜನ ಬಂದು ಕೂರ್ತಿದ್ರು, ಯಾವ ಹಡಗು ತಲುಪಿತು ಯಾವುದು ಮುಳುಗಿತು ಅಂತ ಸುದ್ದಿ. ಕಾಫಿ ಕುಡೀತಾ ಕಡಲಿನ ಮೇಲೆ ಬಾಜಿ. ಅದೇ ಪಾಠದಲ್ಲಿ 'ಅಟ್‌ಮೋಸ್ಟ್ ಗುಡ್ ಫೇತ್' ಅನ್ನೋ ತತ್ವ ಬರುತ್ತೆ, ಇಬ್ಬರೂ ಗೊತ್ತಿರೋದನ್ನೆಲ್ಲಾ ಮುಚ್ಚಿಡದೆ ಹೇಳಬೇಕು ಅಂತ. ಯಾಕೆ ಈ ನಿಯಮ? ಹಡಗು ಎಲ್ಲೋ ದೂರದಲ್ಲಿರುತ್ತೆ, ದುಡ್ಡು ಕಟ್ಟೋನು ಹೋಗಿ ನೋಡೋಕಾಗಲ್ಲ. ನೋಡೋಕಾಗದೇ ಇರೋ ಕಡೆ ಮಾತನ್ನೇ ನಂಬಬೇಕು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿಗೆ ಹೋಗೋ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗೋ ಹಾಗಾಯ್ತಲ್ಲ, ಆಗ ನಮ್ಮೂರ ಟೀ ಅಂಗಡೀಲೂ ಸೂಯೆಜ್ ಮಾತು. ಭಾರತದ ಕಾಫಿಯ ದೊಡ್ಡ ಪಾಲು ಹೋಗೋದೇ ಯುರೋಪಿಗೆ.

ಸರಿ. ವಾಪಸ್ ಬರ್ತೀನಿ.

ಹತ್ತನೇ ಅಧ್ಯಾಯದ ಕೊನೆ, ಹನ್ನೊಂದರ ಶುರು. ದ್ವೀಪ ಇನ್ನೇನು ಕಾಣಬೇಕು. ಜಿಮ್‌ಗೆ ಸೇಬು ತಿನ್ನೋ ಆಸೆ. ಡೆಕ್ ಮೇಲಿನ ಪೀಪಾಯೀಲಿ ಸೇಬು ಹೆಚ್ಚು ಕಮ್ಮಿ ಖಾಲಿಯಾಗಿರುತ್ತೆ, ಒಳಗೇ ಇಳೀತಾನೆ. ಕತ್ತಲು, ಅಲೆಯ ತೂಗಾಟ, ನಿದ್ದೆ ಬರೋ ಹಾಗಾಗುತ್ತೆ. ಅಷ್ಟರಲ್ಲಿ ಯಾರೋ ಪೀಪಾಯಿಗೆ ಒರಗಿ ಕೂತ ಸದ್ದು, ಸಿಲ್ವರ್‌ನ ದನಿ. ಹಡಗನ್ನ ಕಿತ್ಕೊಂಡು ಒಳ್ಳೆಯವರನ್ನೆಲ್ಲಾ ಕೊಲ್ಲೋ ಪ್ಲಾನ್ ಹೇಳ್ತಿದ್ದಾನೆ. ಸಂಕ್ಷಿಪ್ತ ಪುಸ್ತಕದಲ್ಲಿ ಇಷ್ಟೇ ಇತ್ತು. ಪೂರ್ತಿ ಪುಸ್ತಕದಲ್ಲಿ ಅದಕ್ಕಿಂತ ಮುಂಚೆ ಒಂದು ಸಣ್ಣ ವಿಷಯ ಇದೆ. ಸಿಲ್ವರ್ ಒಬ್ಬ ಎಳೇ ನಾವಿಕನನ್ನ ತನ್ನ ಕಡೆ ಸೇರಿಸ್ಕೊಳ್ತಿರ್ತಾನೆ. ಅವನಿಗೆ ಹೇಳೋ ಹೊಗಳಿಕೆ, ಜಿಮ್‌ಗೆ ಹೇಳಿದ್ದ ಅವೇ ಮಾತುಗಳು. ಒಂದು ಪದವೂ ಬದಲಿಲ್ಲ. ಜಿಮ್‌ಗೆ ಅವನನ್ನ ಕೊಲ್ಲುವಷ್ಟು ಸಿಟ್ಟು ಬರೋದು ಅಲ್ಲಿ. ಕೊಲೆಯ ಪ್ಲಾನ್ ಕೇಳಿದಾಗ ಅಲ್ಲ, ಅದಕ್ಕಿಂತ ಮೊದಲು, ಆ ಹೊಗಳಿಕೆ ಕೇಳಿದಾಗ.

ಫೋನ್ ಪಕ್ಕಕ್ಕಿಟ್ಟೆ. ಮಳೆ ಸುರೀತಾನೇ ಇತ್ತು.

ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದ ವಾರ ಒಬ್ಬ ಫ್ರೆಂಡ್ ಮನೆಗೆ ಹೋಗಿದ್ದೆ. ಅವರಪ್ಪ ಮರದಿಂದ ಬಿದ್ದು ಹಾಸಿಗೆ ಹಿಡಿದಿದ್ರು. ನಾವಿಬ್ಬರೂ ಅಡುಗೆಮನೇಲಿ ಹಲಸಿನಕಾಯಿ ಬಿಡಿಸ್ತಾ ಕೂತಿದ್ವಿ, ಕೈಯೆಲ್ಲಾ ಅಂಟು. ಹೊರಗೆ ಕಣದಲ್ಲಿ ಜೀಪ್ ನಿಂತ ಸದ್ದು. ದನಿ ಕೇಳಿದ ಕೂಡಲೇ ಗುರುತು ಸಿಕ್ತು, ಖುಷಿಯೂ ಆಯ್ತು, ಎದ್ದು ಮಾತಾಡ್ಸೋಣ ಅಂತ ಕೈಗೆ ಎಣ್ಣೆ ಹಚ್ಕೊಳ್ತಿದ್ದೆ. ಫ್ರೆಂಡ್‌ನ ತಮ್ಮ, ಐದನೇ ಕ್ಲಾಸು, ಏನೋ ಲೆಕ್ಕ ಒಪ್ಪಿಸ್ತಿದ್ದ. ಆಮೇಲೆ ಆ ಒಂದು ನಿಮಿಷದ ಮೌನ. ಆಮೇಲೆ, "ನಿನ್ನಂಥ ಲೆಕ್ಕದ ಮಗು ನಾನು ಎಲ್ಲೂ ನೋಡಿಲ್ಲ ಕಣೋ. ಇನ್ಮೇಲೆ ಈ ತೋಟದ ರೈಟರ್ ನೀನೇ."

ಚಾಕಲೇಟ್ ಕಾಗದದ ಸದ್ದೂ ಕೇಳಿಸ್ತು.

ನಾನು ಹೊರಗೆ ಹೋಗಲಿಲ್ಲ.

ಭಾಗ 5

ಫೋಟೋ: ಒರಳು, ಮೊರ, ಅಡುಗೆಮನೆ ತಕ್ಕಡಿ.

ಚೆರಿ ಬೆಲೆ ನಿಲ್ಲೋದು ಔಟ್‌ಟರ್ನ್ ಮೇಲೆ. 50 ಕೆ.ಜಿ. ಒಣ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೀಜ ಸಿಗುತ್ತೋ ಅದೇ ಔಟ್‌ಟರ್ನ್. ಸ್ಯಾಂಪಲ್ ತಗೊಂಡು ಹೋಗಿ ನೋಡಿ ಏಜೆಂಟ್ ಒಂದು ನಂಬರ್ ಹೇಳ್ತಾರೆ, ಅದರ ಮೇಲೆ ದುಡ್ಡು. ನಮಗೆ ಯಾವಾಗಲೂ 25. ಅವತ್ತು ಸಂಜೆ ಮನೆಗೆ ಬಂದವಳೇ, ಕೊಡೋಕೆ ಇಟ್ಟಿದ್ದ ಮೂಟೆಗಳಿಂದ ಅಲ್ಲಲ್ಲಿ ತೆಗೆದು ಸರಿಯಾಗಿ ಒಂದು ಕೆ.ಜಿ. ತೂಗಿ, ಒರಳಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಬೀಜ ತೂಗಿದೆ. 540 ಗ್ರಾಂ. ಅಂದ್ರೆ 27. ಇನ್ನೊಂದ್ಸಲ ಮಾಡಿದೆ. ಹೆಚ್ಚು ಕಮ್ಮಿ ಅಷ್ಟೇ.

ಮೂಟೆಗೆ ಎರಡು ಕೆ.ಜಿ. ನಮ್ಮದು 40 ಮೂಟೆ. ವರ್ಷಕ್ಕೆ 80 ಕೆ.ಜಿ. ಬೀಜ. ಲೆಕ್ಕದ ಮಗು ಅಲ್ವಾ, ಆರು ವರ್ಷಕ್ಕೂ ಗುಣಿಸಿ ನೋಡಿದೆ.

ಅಮ್ಮ ಕಾಗದ ನೋಡಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ಲು, "ಅವತ್ತು ಬಾಗಿಲಿಗೆ ದುಡ್ಡು ತಂದಿದ್ದು ಅವನೊಬ್ಬನೇ." ಮತ್ತೆ ಸ್ವಲ್ಪ ಬಿಟ್ಟು, "ಈ ಸಲ ಬೇರೆ ಕಡೆ ಕೊಡೋಣ. ನಮ್ಮ ಕಣ್ಣೆದುರಿಗೇ ಸ್ಯಾಂಪಲ್ ನೋಡೋರಿಗೆ." ಜಗಳ ಆಡಲಿಲ್ಲ, ಫೋನ್ ಮಾಡಿ ಕೇಳಲಿಲ್ಲ. ಫ್ರೆಂಡ್ ಮನೆಗೆ ಮಾತ್ರ ನಾನೇ ಹೋಗಿ ಒರಳಲ್ಲಿ ಕುಟ್ಟಿ ತೋರಿಸಿ ಬಂದೆ. ಅವಳ ತಮ್ಮ ಪಕ್ಕದಲ್ಲೇ ನಿಂತು ಎಲ್ಲಾ ನೋಡ್ದ. ಅವನಿಗೆ ಯಾರ ಹೆಸರೂ ಹೇಳಲಿಲ್ಲ, ಲೆಕ್ಕ ಮಾತ್ರ ಹೇಳಿಕೊಟ್ಟೆ.

ನನಗೆ ಹೋದ ಕಾಫಿಗಿಂತ ಜಾಸ್ತಿ ಉರಿದಿದ್ದು ಆ ಮಾತು. ಯಾಕೆ ಅಂತ ಮೂರು ವರ್ಷ ಯಾರಿಗೂ ಹೇಳೋಕೆ ಬಂದಿರಲಿಲ್ಲ. 80 ಕೆ.ಜಿ. ಬಿಟ್ಟು ಚಾಕಲೇಟಿಗೆ ಅಳ್ತಾಳೆ ಅಂದ್ಕೊಳ್ತಾರೆ ಅಂತ. 140 ವರ್ಷದ ಹಿಂದೆ ಒಬ್ಬ ಮನುಷ್ಯ ಅದನ್ನೇ ಒಂದು ಪೀಪಾಯಿಯೊಳಗೆ ಕೂರಿಸಿ ಬರೆದಿಟ್ಟಿದ್ದಾನೆ, ಅದೂ ಮಕ್ಕಳಿಗೆ ಅಂತ.

ಆದ್ರೆ ನನಗೆ ಈ ಪುಸ್ತಕ ನಿಜವಾಗಿ ಇಷ್ಟ ಆಗೋದು ಆಮೇಲಿನ ಭಾಗಕ್ಕೆ. ಅಷ್ಟೆಲ್ಲಾ ಗೊತ್ತಾದ ಮೇಲೂ ಜಿಮ್‌ಗೆ ಸಿಲ್ವರ್‌ನನ್ನ ಮನಸ್ಸಿಂದ ಕಿತ್ತು ಹಾಕೋಕಾಗಲ್ಲ. ಜಿಮ್ ಕಳ್ಳರ ಕೈಗೆ ಸಿಕ್ಕಾಗ ಉಳಿದವರು ಕೊಲ್ಲೋಣ ಅಂತಾರೆ, ಅಡ್ಡ ನಿಲ್ಲೋದು ಸಿಲ್ವರ್. ಲೆಕ್ಕಾಚಾರ ಇದೆ, ಮುಂದೆ ತಾನು ಸಿಕ್ಕಿಬಿದ್ರೆ ಈ ಹುಡುಗ ಸಾಕ್ಷಿ ಹೇಳ್ತಾನೆ ಅಂತ. ಆದ್ರೆ ಬರೀ ಲೆಕ್ಕಾಚಾರವೇ? ಪುಸ್ತಕ ಹೇಳಲ್ಲ. ಡಾಕ್ಟರ್ ಬಂದು "ಬೇಲಿ ಹಾರು, ಓಡಿಹೋಗೋಣ" ಅಂದಾಗ ಜಿಮ್ ಹೋಗಲ್ಲ. ಓಡಲ್ಲ ಅಂತ ಸಿಲ್ವರ್‌ಗೆ ಮಾತು ಕೊಟ್ಟಿದ್ದಾನೆ, ಕೊಲೆಗಾರನಿಗೆ ಕೊಟ್ಟ ಮಾತೂ ಮಾತೇ. ಕೊನೆಗೆ ಸಿಲ್ವರ್ ಒಂದು ಚೀಲ ನಾಣ್ಯ ಕದ್ದು ರಾತ್ರೋರಾತ್ರಿ ಮಾಯ ಆಗ್ತಾನೆ. ಯಾರೂ ಬೆನ್ನು ಹತ್ತಲ್ಲ. ಎಲ್ಲೋ ಹೆಂಡತಿ, ಗಿಣಿ ಜೊತೆ ಹಾಯಾಗಿರಬಹುದು ಅಂತ ಜಿಮ್ ಅಂದ್ಕೊಳ್ತಾನೆ.

ಅಂದಹಾಗೆ ಸ್ಟೀವನ್‌ಸನ್ ಈ ಸಿಲ್ವರ್‌ನನ್ನ ಕಡೆದಿದ್ದು ತನ್ನ ಆಪ್ತ ಗೆಳೆಯನನ್ನ ನೋಡಿ. ಹೆನ್ಲಿ ಅಂತ, ಕವಿ, ಕಾಯಿಲೆಯಿಂದ ಒಂದು ಕಾಲು ಕಳ್ಕೊಂಡವನು. ವಿಲನ್ ಬೇಕು ಅಂತ ಹುಡುಕಿದಾಗ ಕಣ್ಣಿಗೆ ಬಿದ್ದಿದ್ದು ಇಷ್ಟದ ಮನುಷ್ಯ. ಅದಕ್ಕೇ ಇರಬೇಕು ಅವನನ್ನ ಪೂರ್ತಿ ದ್ವೇಷ ಮಾಡೋಕೆ ಆ ಪುಸ್ತಕದಲ್ಲಿ ಯಾರಿಂದಲೂ ಆಗಲ್ಲ.

ನಮ್ಮವರು ಈಗಲೂ ಮೂಡಿಗೆರೆ ಬಸ್ ಸ್ಟ್ಯಾಂಡಲ್ಲಿ ಸಿಗ್ತಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. "ಪುಟ್ಟಿ, ಎಷ್ಟನೇ ಸೆಮ್?" ಅಂತಾರೆ, ನಾನು ಹೇಳ್ತೀನಿ. ಕಾಫಿ ವಿಷಯ ಇಬ್ಬರೂ ಎತ್ತಲ್ಲ. ಇಷ್ಟುದ್ದ ಬರೆಯುವಾಗ ಎಲ್ಲೂ ಅವರಿಗೆ ಏಕವಚನ ಬರಲಿಲ್ಲ, ಗಮನಿಸಿದ್ರಾ? ಪ್ರಯತ್ನ ಮಾಡಿದೆ, ಕೈ ಬರಲಿಲ್ಲ. ಚೆರಿ ಅಲ್ಲಾಡಿಸಿ ಶಬ್ದ ಕೇಳೋದು ಇವತ್ತಿಗೂ ಅವರು ಕಲಿಸಿದ ಹಾಗೇ ಮಾಡ್ತೀನಿ, ಅದು ಸರಿಯಾಗೇ ಇದೆ.

ತಮ್ಮನಿಗೆ ಈಗ 13. ಅವನಿಗೆ ಅಪ್ಪನ ಮುಖ ಫೋಟೋದಲ್ಲಿ ಇರೋಷ್ಟೇ ಗೊತ್ತು. ಹೋದ ವಾರದಿಂದ ನನ್ನ ಫೋನ್ ಕಿತ್ಕೊಂಡು ಇದೇ ಪುಸ್ತಕ ಓದ್ತಿದ್ದಾನೆ. ಅರ್ಥ ಆಗದ ಪದಕ್ಕೆಲ್ಲಾ ಕೂಗ್ತಾನೆ, ಅರ್ಧ ನನಗೂ ಗೊತ್ತಿರಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳ್ತಿದ್ದ, ಈ ಪುಸ್ತಕದಲ್ಲಿ ಎಲ್ಲರಿಗಿಂತ ಒಳ್ಳೆಯವನು ಆ ಕುಂಟ ಅಡುಗೆಯವನು ಅಂತ. ಅಮ್ಮ ನನ್ನ ಮುಖ ನೋಡಿದ್ಲು. ನಾನು ಸಾರು ಬಡಿಸ್ಕೊಂಡೆ.

ಅವನು ಇನ್ನೂ ಹತ್ತನೇ ಅಧ್ಯಾಯದಲ್ಲಿದ್ದಾನೆ. ಅವನಿಗೂ ಅಕೌಂಟ್ ಇದೆ, ಕಾಮೆಂಟ್ ಎಲ್ಲಾ ಓದ್ತಾನೆ. ಅದಕ್ಕೆ ಈ ಸೀರೀಸ್ ಅವನಿಗೆ ಹೈಡ್ ಮಾಡಿ ಹಾಕ್ತಿದ್ದೀನಿ, ನೀವ್ಯಾರೂ ಟ್ಯಾಗ್ ಮಾಡಬೇಡಿ.